ಐವರು ಹೋದರು, ನಾಲ್ವರು ಬಂದರು



ಈ ವಯಸ್ಸಿನಲ್ಲಿ ಮೇಷ್ಟ್ರು ಪತ್ತೇದಾರಿ ಕಾದಂಬರಿ ಓದುತ್ತಾರೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ತರಗತಿಯಲ್ಲಿ ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದ ನಿಮ್ಮ ಪತ್ತೇದಾರಿ ಪುಸ್ತಕಗಳನ್ನು ಕಸಿದುಕೊಂಡವನು ನಾನೇ ತಾನೆ? ಕಸಿದುಕೊಂಡದ್ದನ್ನು ಸಂಜೆ ಮನೆಯಲ್ಲಿ ಓದಿ ಮುಗಿಸಿಯೇ ಹಿಂದಿರುಗಿಸುತ್ತಿದ್ದೆನೆಂಬುದು ನಿಮಗೆ ತಿಳಿದಿರಲಿಲ್ಲ, ಅಷ್ಟೆ. ನಾನು ಬಾಲಕನಾಗಿದ್ದಾಗ ದಾವಣಗೆರೆಯಲ್ಲಿ ದಿನಕ್ಕಿಷ್ಟು ಪೈಸೆಯಂತೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನನಗೆ ಪರಿಚಯವಾದದ್ದು ಅಲ್ಲಿ. ಹತ್ತಿಗಿರಣಿಯ ಪಾಳಿ ಮುಗಿಸಿ ಬಂದ ಕಾರ್ಮಿಕರು ಅದೇ ಪುಸ್ತಕಕ್ಕಾಗಿ ಕಾಯುತ್ತಿದ್ದರು. ಕನ್ನಡಕ್ಕೆ ಓದುಗರನ್ನು ದುಡಿದು ತಂದವರಲ್ಲಿ ನರಸಿಂಹಯ್ಯನವರೂ ಒಬ್ಬರು. ವಿಮರ್ಶಕರು ಅವರಿಗೆ ಕೊಡಬೇಕಾದ ಮನ್ನಣೆ ಕೊಡಲಿಲ್ಲವೆಂಬುದು ನನ್ನ ಹಳೆಯ ತಕರಾರು.

ಈಗ ಓದಿದ್ದು ಜೇನ್ ಹಾರ್ಪರ್ ಎಂಬ ಲೇಖಕಿಯ ‘ಫೋರ್ಸ್ ಆಫ್ ನೇಚರ್’, 2017ರಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿ. ಲೇಖಕಿ ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಬರೆಯುವುದು ಆಸ್ಟ್ರೇಲಿಯದಿಂದ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ಊರಿನವನಾದ ನನಗೆ ಇದರಿಂದ ಸುಮ್ಮನೆ ಒಂದು ಸಲಿಗೆ ಹುಟ್ಟಿತು.

ಕಥೆ ಇಷ್ಟು. ಒಂದು ಕಂಪನಿಯವರು ತಮ್ಮ ನೌಕರರಲ್ಲಿ ಒಗ್ಗಟ್ಟು ಬೆಳೆಯಲೆಂದು ಅವರನ್ನು ಗಿರಲಾಂಗ್ ಎಂಬ ಕಲ್ಪಿತ ಬೆಟ್ಟಸಾಲಿಗೆ ಚಾರಣಕ್ಕೆ ಕಳಿಸುತ್ತಾರೆ. ಗಂಡಸರ ತಂಡ ಬೇರೆ, ಹೆಂಗಸರ ತಂಡ ಬೇರೆ. ಮೊಬೈಲ್ ಒಯ್ಯುವಂತಿಲ್ಲ. ಹೆಂಗಸರ ತಂಡದಲ್ಲಿ ಐವರು. ಗೊತ್ತಾದ ಹೊತ್ತು ಮೀರಿದ ಬಳಿಕ ಗಾಯಗೊಂಡು, ಕಂಗೆಟ್ಟು ಹೊರಬಂದವರು ನಾಲ್ವರು. ಐದನೆಯವಳಾದ ಆಲಿಸ್ ಇಲ್ಲ. ಕಂಪನಿಯ ಅವ್ಯವಹಾರದ ದಾಖಲೆಗಳನ್ನು ಪೊಲೀಸರಿಗೆ ಒದಗಿಸುತ್ತಿದ್ದವಳು ಅವಳೇ. ಅದನ್ನು ಬಲ್ಲ ಏರನ್ ಫಾಕ್ ಎಂಬ ಅಧಿಕಾರಿ ಹುಡುಕಲು ಬರುತ್ತಾನೆ. ಒಂದು ಅಧ್ಯಾಯದಲ್ಲಿ ಹುಡುಕಾಟ, ಮುಂದಿನದರಲ್ಲಿ ಕಾಡಿನೊಳಗೆ ನಡೆದದ್ದು, ಹೀಗೆ ಎರಡು ಎಳೆ ಹೆಣೆದುಕೊಂಡು ಸಾಗುತ್ತವೆ. ಕೊನೆಯನ್ನು ನಾನು ಹೇಳುವುದಿಲ್ಲ.

ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಓದಿದವರಿಗೆ ದಟ್ಟ ಕಾಡು ಮನುಷ್ಯರ ವ್ಯವಹಾರವನ್ನು ಹೇಗೆ ನುಂಗಿಕೊಳ್ಳಬಲ್ಲದೆಂದು ಗೊತ್ತು. ಆದರೆ ತೇಜಸ್ವಿಯವರ ಸುರೇಶ, ಗೌರಿ ಕಾಡಿನ ಜನ, ಏಲಕ್ಕಿ ಬೆಳೆಗಾರರು. ಇಲ್ಲಿಯವರು ಕಚೇರಿಯ ಜನ. ಮೇಜಿನ ಮೇಲಿದ್ದ ಅಸೂಯೆ, ಅಧಿಕಾರ, ಹಳೆಯ ಲೆಕ್ಕಗಳನ್ನೆಲ್ಲ ಬೆನ್ನಿನ ಚೀಲದಲ್ಲಿ ಹೊತ್ತು ಬಂದವರು. ನಕ್ಷೆ ಕಳೆದುಹೋಗಿ, ಆಹಾರ ತೀರುತ್ತಾ ಬಂದಾಗ ಆ ಚೀಲಗಳು ಬಿಚ್ಚಿಕೊಳ್ಳುತ್ತವೆ. ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಮೊದಲ ರಾತ್ರಿಯೇ ಆಲಿಸ್ ಮೇಲಧಿಕಾರಿಯ ಬಳಿ ತನ್ನನ್ನು ಹಿಂದಕ್ಕೆ ಹೋಗಗೊಡಬೇಕೆಂದು ಕೇಳುತ್ತಾಳೆ. ಅಧಿಕಾರಿಣಿ ಗದರುವುದಿಲ್ಲ, ನಯವಾಗಿ ಮಾತನಾಡಿ ಉಳಿಸಿಕೊಳ್ಳುತ್ತಾಳೆ. ಓದುವಾಗ ಆ ಪುಟವನ್ನು ದಾಟಿ ಹೋಗಿದ್ದೆ. ಮುಗಿಸಿದ ಮೇಲೆ ಮರಳಿ ಅಲ್ಲಿಗೇ ಬಂದೆ.

ನಮ್ಮಲ್ಲೂ ಇಂಥ ಸುದ್ದಿಗಳು ಬರುತ್ತವೆ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಗುಂಪಿನೊಡನೆ ಕುಮಾರಪರ್ವತ ಹತ್ತಿದ ಯುವಕನೊಬ್ಬ ಇಳಿಯುವಾಗ ಬೇರ್ಪಟ್ಟು ಕಾಣೆಯಾದ. ಸುಮಾರು 1,712 ಮೀಟರ್ ಎತ್ತರದ ಬೆಟ್ಟ ಅದು. ಮಳೆಗಾಲದ ಮಂಜು, ಜಿಗಣೆ, ಪುಷ್ಪಗಿರಿಯ ದಟ್ಟ ಕಾಡು. ಪೊಲೀಸರು, ಅರಣ್ಯ ಸಿಬ್ಬಂದಿ, ಊರಿನವರು ಹುಡುಕಿದರು. ಕೊನೆಗೆ ಆತ ಬದುಕಿ ಬಂದ. ಬೆಟ್ಟದಿಂದ ಕೆಳಗಿನ ಊರಿಗೆ ನೀರು ತರುವ ಪೈಪು ಕಣ್ಣಿಗೆ ಬಿದ್ದು, ಅದನ್ನೇ ಹಿಡಿದು ಇಳಿದು ಬಂದನಂತೆ. ನೀರು ಎಲ್ಲಿಗೆ ಹೋಗುತ್ತದೋ ಅಲ್ಲಿ ಮನೆ ಇರಲೇಬೇಕಲ್ಲವೆ! ಈ ಬುದ್ಧಿಯನ್ನು ನಾನು ಬಹುವಾಗಿ ಮೆಚ್ಚಿದೆ. 2024ರ ಜನವರಿಯ ರಜೆಯಲ್ಲಿ ಅದೇ ಬೆಟ್ಟಕ್ಕೆ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಕೆಲಕಾಲ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮುಂಗಡ ನೋಂದಣಿಗೆಂದು ‘ಅರಣ್ಯ ವಿಹಾರ’ ಜಾಲತಾಣ ಬಂತು. ಎಷ್ಟು ಜನ ಬೆಟ್ಟ ಹತ್ತಿದರೆಂಬ ಲೆಕ್ಕ ಈಗ ಸಿಗುತ್ತದೆ. ಹತ್ತಿದವರಲ್ಲಿ ಮನಸ್ಸಿಲ್ಲದೆ ಬಂದವರೆಷ್ಟು ಎಂಬುದು ಯಾವ ನೋಂದಣಿಯಲ್ಲೂ ಇರುವುದಿಲ್ಲ.

ತಲೆ ಎಣಿಸುವುದು ಮೇಷ್ಟ್ರುಗಳಿಗೆ ರಕ್ತಗತ. ಒಮ್ಮೆ ಮಕ್ಕಳನ್ನು ಹರಿಹರಕ್ಕೆ ಕರೆದೊಯ್ದಿದ್ದೆವು. ಹದಿನಾಲ್ಕು ಕಿಲೋಮೀಟರಿನ ದಾರಿ, ದೊಡ್ಡ ಪ್ರವಾಸವೇನಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ತೋರಿಸಿ, ಅರ್ಧ ಶಿವ ಅರ್ಧ ವಿಷ್ಣುವಾದ ಮೂರ್ತಿಯ ಕಥೆ ಹೇಳಿ, ತುಂಗಭದ್ರೆಯ ದಡದಲ್ಲಿ ಬುತ್ತಿ ಬಿಚ್ಚಿಸಿದೆವು. ಊಟದ ನಂತರ ಎಣಿಸಿದರೆ ನಲವತ್ತೆರಡರಲ್ಲಿ ನಲವತ್ತೊಂದು. ಹಿಂದೆ ಹೊಳೆ! ನನ್ನ ಎದೆ ಹೇಗೆ ಬಡಿದುಕೊಂಡಿತೆಂದು ಇಂದಿಗೂ ಬರೆಯಲಾರೆ. ಒಬ್ಬ ಸಹೋದ್ಯೋಗಿ ಮೆಟ್ಟಿಲುಗಳ ಉದ್ದಕ್ಕೂ ಓಡಿದರು. ನಾನು ದೇವಾಲಯದತ್ತ ಓಡಿದೆ. ಮುಖಮಂಟಪದಲ್ಲಿ ಕನ್ನಡಿಯಂತೆ ಹೊಳೆಯುವ ಕಂಬವೊಂದರ ಹಿಂದೆ ಹುಡುಗ ಮೊಣಕಾಲಪ್ಪಿ ಕುಳಿತಿದ್ದ. ನೀರಿಗಿಳಿಯೆಂದು ಜೊತೆಯವರು ಎಳೆದಾಡಿದ್ದರಂತೆ. ಅವನಿಗೆ ನೀರೆಂದರೆ ಭಯ.

“ನಾನ್ ಬರಲ್ಲ ಅಂತ ಮನೇಲೇ ಹೇಳಿದ್ದೆ ಸಾ. ಅಪ್ಪನೇ ಕಳ್ಸಿದ್ರು” ಎಂದ.

ಅವನು ದಾರಿ ತಪ್ಪಿದವನಲ್ಲ, ಜೊತೆಯವರಿಂದ ತಪ್ಪಿಸಿಕೊಂಡವನು. ಆಲಿಸಳ ಪುಟಗಳನ್ನು ಓದುವಾಗ ಆ ಕಂಬ ನೆನಪಾಯಿತು. ಹುಡುಕುವವರು ಕಾಡನ್ನು ಶೋಧಿಸುತ್ತಾರೆ. ಫಾಕ್ ಹಾಗಲ್ಲ, ಅವನು ಮರಳಿ ಬಂದ ನಾಲ್ವರ ಮುಖಗಳನ್ನು ಗಮನಿಸುತ್ತಾನೆ. ಈ ಕಾರಣಕ್ಕೇ ನನಗೆ ಅವನು ಹಿಡಿಸಿದ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. ಹೋದ ವಾರ ದೂರವಾಣಿಯಲ್ಲಿ ಮಾತನಾಡುತ್ತಾ, ಅವರ ಕಚೇರಿಯವರು ಬರುವ ತಿಂಗಳು ‘ಟೀಮ್ ಔಟಿಂಗ್’ ಎಂದು ಎರಡು ದಿನ ಬೆಟ್ಟಕ್ಕೆ ಹೋಗುತ್ತಿರುವುದಾಗಿ ತಿಳಿಸಿದಳು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ನಿಮ್ಮಲ್ಲಿ ಅವಳ ಸಹಪಾಠಿಗಳಿಗೆ ಇದು ಗೊತ್ತು.

“ಬರಲ್ಲ ಅಂದರೆ ಆಗೋದಿಲ್ವೇನಮ್ಮಾ?” ಎಂದೆ.

“ಆಗುತ್ತೆ ಸಾರ್. ಆದ್ರೆ ವರ್ಷದ ಕೊನೆಗೆ ರೇಟಿಂಗ್ ಬರೆಯೋರೂ ಅವರೇ ಅಲ್ವಾ” ಎಂದಳು.

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. 2013ರ ಕಾಯಿದೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದ ಮಟ್ಟಿಗೆ ಇಂಥ ಪ್ರವಾಸವನ್ನೂ ಅದರ ವಾಹನವನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಒಳ್ಳೆಯದೇ. ಆದರೆ ಏದುಸಿರು ಬಿಡುತ್ತಾ “ನಾನಿಲ್ಲೇ ಕೂರುತ್ತೇನೆ” ಎನ್ನುವವಳ ಪಕ್ಕದಲ್ಲಿ ಯಾರು ಕೂರಬೇಕೆಂದು ಅಲ್ಲಿ ಬರೆದಿಲ್ಲ.

ನಿಮ್ಮಲ್ಲಿ ಬಹುಮಂದಿ ಈಗ ತಂಡಗಳನ್ನು ನಡೆಸುವವರು, ರೇಟಿಂಗ್ ಬರೆಯುವವರು. ಬೆಟ್ಟಕ್ಕೆ ಹೊರಡುವ ಮುನ್ನ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ, ಉಳಿದವರ ಎದುರಿಗಲ್ಲದೆ ಕೇಳಿರಿ. ಬರುವುದಿಲ್ಲವೆಂದವರಿಗೆ ಕಾರಣ ಕೇಳಬೇಡಿ. ನಡೆಯುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ನೀವು ಹಿಂದೆ ಇರಿ.

ಅವಳಿಗೆ ಇಷ್ಟು ಹೇಳಿದ್ದೇನೆ: ಉಬ್ಬಸದ ಔಷಧಿಯನ್ನು ಚೀಲದಲ್ಲಿಡದೆ ಮೈಮೇಲಿನ ಜೇಬಿನಲ್ಲಿಟ್ಟುಕೊಳ್ಳಬೇಕು. ಬೆಟ್ಟದ ಹೆಸರು, ಹತ್ತುವ ದಿನ, ಇಳಿಯುವ ಹೊತ್ತು, ಜೊತೆಗಿರುವ ಇಬ್ಬರ ದೂರವಾಣಿ ಸಂಖ್ಯೆ ಬರೆದು ಕಳಿಸಬೇಕು. ಇಳಿದ ಕೂಡಲೇ ಫೋನು ಮಾಡಬೇಕು. “ನೀವಿನ್ನೂ ತಲೆ ಎಣಿಸೋದು ಬಿಟ್ಟಿಲ್ವಾ ಸಾರ್” ಎಂದು ನಕ್ಕಳು. ನಿನ್ನೆ ಸಂಜೆ ಬೆಟ್ಟದ ಹೆಸರು ಬಂದಿದೆ. ದೂರವಾಣಿ ಸಂಖ್ಯೆಗಳು ಇನ್ನೂ ಬರಬೇಕು.