ಬಾಗಿದ ಬೆನ್ನು, ನೆಟ್ಟನೆಯ ನಡೆ



‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ದೀನತೆಯ ಕುರಿತು ಬಲಿಪೂಜೆಯಲ್ಲಿ ಪ್ರಬೋಧನೆ ಮಾಡಿದ ದಿನ, ಗುಡಿಯ ಅಂಗಳದಲ್ಲಿ ಯಾರಾದರೊಬ್ಬರು ಈ ಮಾತನ್ನು ನನಗೆ ನೆನಪಿಸದೆ ಇರುವುದಿಲ್ಲ. ತೊರಗಲ್ ನಾಡಿನಲ್ಲಿ ಈ ಸಂದೇಹ ಏಳುವುದು ಸಹಜವೇ. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನವರು ಈಸ್ಟ್ ಇಂಡಿಯಾ ಕಂಪನಿಗೆ ತಲೆಬಾಗಲು ಒಪ್ಪದೆ ಹೋರಾಡಿದರು. ಸೆರೆಸಿಕ್ಕು 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿಯನ್ನು ಕಾಣುತ್ತ ಬೆಳೆದವರಿಗೆ, ಅನ್ಯಾಯದೆದುರು ಬಾಗಿ ನಡೆಯಿರಿ ಎಂದು ಹೇಳುವುದಾದರೂ ಹೇಗೆ?

ಧರ್ಮಸಭೆ ಹಾಗೆ ಹೇಳುವುದೂ ಇಲ್ಲ. ದೇವರು ಮನುಷ್ಯನಿಂದ ಬಯಸುವುದೇನು ಎಂಬ ಪ್ರಶ್ನೆಗೆ ಪ್ರವಾದಿ ಮೀಕ ಉತ್ತರಿಸುವಾಗ ನ್ಯಾಯದ ನಡತೆ, ಕರುಣೆಯ ಮೇಲಣ ಪ್ರೀತಿ, ದೇವರ ಮುಂದೆ ನಮ್ರತೆ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಅವಕಾಶವನ್ನು ಆತ ನಮಗೆ ಕೊಡುವುದಿಲ್ಲ. ಆದರೆ ನಾವು ಮಾಡುವುದು ಅದನ್ನೇ. ನೀತಿವಂತರೆನಿಸಿಕೊಂಡವರು ಗಡಸಾಗುತ್ತೇವೆ, ವಿನಯವಂತರೆನಿಸಿಕೊಂಡವರು ಆಡಬೇಕಾದ ಮಾತನ್ನು ನುಂಗಿಕೊಳ್ಳುತ್ತೇವೆ. ಮೊದಲನೆಯದು ಅಹಂಕಾರ, ಎರಡನೆಯದು ಅಂಜಿಕೆ. ಎರಡೂ ಸದ್ಗುಣದ ಹೆಸರಿನಲ್ಲಿ ನಡೆಯುವುದರಿಂದ ಗುರುತಿಸುವುದು ಕಷ್ಟ.

ಈ ಎರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿದ ಒಬ್ಬ ಸಂತನ ಹೆಸರು ನಮ್ಮ ನೆಲದಲ್ಲೇ ನೆಲೆಸಿದೆ. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ವಿರಕ್ತ ಮಠವಿದೆ. ಯೇಸುಸಭೆಯ ಗುರುಗಳು ಅಲ್ಲಿ ಕಾವಿಯುಟ್ಟು, ಮಾಂಸಾಹಾರವನ್ನು ತೊರೆದು, ಈ ನಾಡಿನ ವಿರಕ್ತರ ರೀತಿಯಲ್ಲಿ ಬಾಳಿದರು. ಅಲ್ಲಿ ಪ್ರಭು ಯೇಸು ಧ್ಯಾನಮುದ್ರೆಯಲ್ಲಿ ಕುಳಿತಿದ್ದಾರೆ. ಬೋಧಿಸಲು ಬಂದವರು ಮೊದಲು ಊರಿನ ಊಟ, ಉಡುಪು, ನುಡಿಗಳನ್ನು ಕಲಿತುಕೊಂಡರು. ಕಲಿಸುವವನು ಕಲಿಯುವವನಾಗುವುದಕ್ಕಿಂತ ದೊಡ್ಡ ವಿನಯ ಯಾವುದಿದೆ? ಅಂಥ ಮಠಕ್ಕೆ ಅರುಳಪ್ಪನವರ ಹೆಸರು ಬಹಳ ಒಪ್ಪುತ್ತದೆ.

ಸಂತ ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ಮನೆಯವರೆಲ್ಲ ಕೂಡಿ ಓದಿ ನೋಡಿ. ಜೋರ್ಡನ್ ತೀರಕ್ಕೆ ಬಂದ ಜನ ‘ನಾವೇನು ಮಾಡಬೇಕು?’ ಎಂದು ಕೇಳಿದಾಗ ಅರುಳಪ್ಪನವರು ದೊಡ್ಡ ವ್ರತಗಳನ್ನು ಹೇಳಲಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನೊಡನೆ ಹಂಚಿಕೊಳ್ಳಲಿ, ಸುಂಕದವನು ಗೊತ್ತಾದದ್ದಕ್ಕಿಂತ ಹೆಚ್ಚು ವಸೂಲು ಮಾಡದಿರಲಿ, ಸಿಪಾಯಿ ಬೆದರಿಸಿ ಹಣ ಕೀಳದೆ ತನ್ನ ಸಂಬಳದಲ್ಲಿ ತೃಪ್ತನಾಗಲಿ ಎಂದರು. ಅವರ ದೃಷ್ಟಿಯಲ್ಲಿ ನೀತಿಯೆಂದರೆ ಇಷ್ಟು ಸಾದಾ ಸಂಗತಿ. ನಮ್ಮ ಕಾಲಕ್ಕೆ ಹೇಳುವುದಾದರೆ ಹತ್ತಿಯ ತೂಕದಲ್ಲಿ, ಕಬ್ಬು ಕಡಿಯುವವರ ಕೂಲಿಯಲ್ಲಿ, ಹೊಲದ ಬದುವಿನಲ್ಲಿ ಅದು ಕಾಣಬೇಕು.

ಇಷ್ಟು ನೇರವಾಗಿ ನುಡಿದ ಅದೇ ವ್ಯಕ್ತಿ, ತನ್ನ ಹಿಂದೆ ಬರುವಾತನ ಪಾದರಕ್ಷೆಯ ಪಟ್ಟಿಯನ್ನು ಬಿಚ್ಚಲೂ ತಾನು ಯೋಗ್ಯನಲ್ಲವೆಂದರು. ತಮ್ಮ ಶಿಷ್ಯರು ತಮ್ಮನ್ನು ಬಿಟ್ಟು ಯೇಸುವಿನ ಹಿಂದೆ ಹೋದಾಗ ಮದುಮಗನ ಗೆಳೆಯನಂತೆ ಸಂತೋಷಪಟ್ಟರು. ಹಾಗೆಂದು ಅವರ ಬೆನ್ನುಮೂಳೆ ಮೆತ್ತಗಾಗಿರಲಿಲ್ಲ. ಸಹೋದರನ ಹೆಂಡತಿಯನ್ನು ಇಟ್ಟುಕೊಂಡ ಹೆರೋದ ರಾಜನಿಗೆ ಅದು ತಪ್ಪೆಂದು ಎದುರಿಗೇ ಹೇಳಿ ಸೆರೆ ಸೇರಿದರು. ಅಲ್ಲಿಯೇ ತಲೆಯನ್ನು ಒಪ್ಪಿಸಿದರು. ದೇವರ ಮುಂದೆ ಪೂರ್ತಿ ಬಾಗಿದವನಿಗೆ ಅರಸನ ಮುಂದೆ ಬಾಗುವ ಅಗತ್ಯ ಉಳಿಯುವುದಿಲ್ಲ. ಜೂನ್ 24ರಂದು ಅವರ ಜನ್ಮದಿನವನ್ನೂ ಆಗಸ್ಟ್ 29ರಂದು ಅವರ ರಕ್ತಸಾಕ್ಷ್ಯವನ್ನೂ ನಾವು ಆಚರಿಸುತ್ತೇವೆ. ಅರುಳಪ್ಪನವರು ಹುಟ್ಟಿದ ದಿನದಿಂದ ಹಗಲು ಕುಗ್ಗುತ್ತದೆ, ಕ್ರಿಸ್ತರು ಹುಟ್ಟಿದ ದಿನದಿಂದ ಹಗಲು ಹಿಗ್ಗುತ್ತದೆ ಎಂದು ಸಂತ ಅಗಸ್ಟೀನರು ಇದರ ಮರ್ಮವನ್ನು ಗುರುತಿಸಿದ್ದಾರೆ.

ಇನ್ನು ನಮ್ಮ ಮನೆಗಳತ್ತ ಬರೋಣ. ಒಂದು ಊರಿನಲ್ಲಿ ಅಣ್ಣತಮ್ಮಂದಿರ ನಡುವೆ ಬದುವಿನ ಜಗಳವಿತ್ತು. ಮೋಜಣಿಯಾಯಿತು, ಅಣ್ಣನ ಮಾತೇ ಸರಿಯೆಂದು ತೀರ್ಮಾನವಾಯಿತು. ಆದರೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ನಾನು ಅಣ್ಣನನ್ನು ಕಂಡು ಮಾತಾಡಿದೆ. ‘ಫಾದರ್, ನ್ಯಾಯ ನನ್ನ ಕಡೆ ಐತಿ. ನಾ ಯಾಕ ಅವನ ಮನಿಗೆ ಹೋಗ್ಲಿ?’ ಎಂದು ಆತ ಕೇಳಿದ.

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಆತನ ಮಾತು ಸತ್ಯವೇ ಆಗಿತ್ತು. ಆದರೆ ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೋ ಎಂದು ಬೆಟ್ಟದ ಬೋಧನೆಯಲ್ಲಿ ಹೇಳುವಾಗ ಪ್ರಭು ತಪ್ಪು ಯಾರದೆಂದು ವಿಚಾರಿಸುವುದಿಲ್ಲ. ಎದ್ದು ಹೋಗು ಎಂದಷ್ಟೇ ಹೇಳುತ್ತಾರೆ. ‘ನ್ಯಾಯ ನಿಮ್ಮ ಕಡೆ ಇರುವುದರಿಂದಲೇ ನೀವು ಮೊದಲು ಹೋಗಬಲ್ಲಿರಿ. ತಪ್ಪಿದವನಿಗೆ ಬರಲು ನಾಚಿಕೆ ಅಡ್ಡ ಬರುತ್ತದೆ. ನಿಮಗೆ ಏನು ಅಡ್ಡ?’ ಎಂದೆ. ಆತ ಆಗ ಏನೂ ಹೇಳಲಿಲ್ಲ. ಕ್ರಿಸ್ತಜಯಂತಿಯ ರಾತ್ರಿಪೂಜೆ ಮುಗಿದ ಮೇಲೆ ತಮ್ಮನ ಮನೆಗೆ ಹೋಗಿಬಂದನೆಂದು ತಿಳಿಯಿತು. ಬದುವನ್ನು ಒಂದು ಮೊಳವೂ ಬಿಟ್ಟುಕೊಟ್ಟಿರಲಿಲ್ಲ, ತಮ್ಮನನ್ನೂ ಬಿಟ್ಟುಕೊಡಲಿಲ್ಲ.

ಪ್ರಿಯರೇ, ವಿನಯವೆಂದರೆ ನಮ್ಮ ಹಕ್ಕನ್ನು ಅಳಿಸಿಹಾಕುವುದಲ್ಲ. ಹಕ್ಕಿನ ಮೇಲೆ ನಿಂತು ಮತ್ತೊಬ್ಬನನ್ನು ಕೆಳಗೆ ನೋಡದಿರುವುದು. ನಮ್ಮ ಎರೆಹೊಲದಲ್ಲಿ ಕಳೆ ತೆಗೆಯುವ ತಾಯಂದಿರನ್ನು ನೋಡಿ. ಬದುವಿನ ಮೇಲೆ ನಿಂತು ನೋಡುವವನಿಗೆ ಹೊಲವೆಲ್ಲ ಒಂದೇ ಹಸುರು. ಬಗ್ಗಿದವರಿಗೆ ಮಾತ್ರ ಬೆಳೆ ಯಾವುದು, ಕಳೆ ಯಾವುದು ಎಂದು ತಿಳಿಯುತ್ತದೆ. ಆ ಬಾಗು ಸೋಲಿನದಲ್ಲ, ದುಡಿಮೆಯದು. ಹಾಗೆ ಬಗ್ಗಿ ಕಳೆ ಕೀಳುವಾಗ ನಮ್ಮ ಸ್ವಂತ ಹೊಲದಿಂದಲೇ ಆರಂಭಿಸೋಣ.

ಈ ತಿಂಗಳು ಪ್ರತಿ ಮನೆಯಲ್ಲಿ ರಾತ್ರಿಯ ಜಪಸರದ ನಂತರ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇಂದು ನಾನು ಯಾರ ಪಾಲನ್ನಾದರೂ ಉಳಿಸಿಕೊಂಡಿರುವೆನೇ? ನಾನೇ ಸರಿಯೆಂಬ ಕಾರಣಕ್ಕೆ ಯಾರ ಮನೆಯ ಹೊಸ್ತಿಲನ್ನಾದರೂ ತುಳಿಯದೆ ಬಿಟ್ಟಿರುವೆನೇ? ಸ್ನಾನಿಕ ಅರುಳಪ್ಪನವರ ಬಿನ್ನಹದಿಂದ ಪ್ರಭು ನಮಗೆ ನೇರ ನುಡಿಯನ್ನೂ ಬಾಗುವ ಮನಸ್ಸನ್ನೂ ದಯಪಾಲಿಸಲಿ.