ಸಗೋತ್ರದ ನೆಲ

ಅಮೆರಿಕದ ಎಡಿಸನ್ ಊರಿನಲ್ಲಿರುವ ನಮ್ಮ ಮಗಳ ಮನೆಗೆ ಹೋದ ದಿನ ಸಂಜೆಯೇ ನನ್ನ ಹೆಂಡತಿ ಕೇಳಿಬಿಟ್ಟಳು: "ಇಲ್ಲಿಂದಾಚೆ ನೆಲ ಒರೆಸಿಲ್ವೇನೇ?" ಮಗಳ ಮುಖ ಸಣ್ಣಗಾಯಿತು. ಹಾಲಿನದು 2¼ ಇಂಚು ಪಟ್ಟಿಗಳ ಹಳೇ ಓಕ್ ನೆಲ, ಮನೆಯಷ್ಟೇ ವಯಸ್ಸು. ಪಕ್ಕದ ಕೋಣೆಯ ಕಾರ್ಪೆಟ್ ಕಿತ್ತು ಅಲ್ಲಿಗೂ ಓಕನ್ನೇ ಹಾಕಿಸಿದ್ದರು. ಓಕಿಗೆ ಓಕ್ ಎಂದಮೇಲೆ ಇನ್ನೇನು? ಆದರೆ ಇಳಿಬಿಸಿಲು ಬಿದ್ದಾಗ ಒಂದು ನಸುಗೆಂಪು, ಇನ್ನೊಂದು ಮಣ್ಣುಬಣ್ಣ.

ನೋಡಲು ಬಂದ ಬಡಗಿಗೆ ಮಾತು ಕಡಿಮೆ. ಬೀರುವಿನ ಮೂಲೆಯಿಂದ ಹಳೆಯದರ ಒಂದು ಚೂರು, ಉಳಿಕೆಯಲ್ಲಿ ಹೊಸದರ ಒಂದು ಚೂರು ಬೆರಳುದ್ದ ಕೊಯ್ದ. ನನ್ನ ಕಾಫಿ ಲೋಟದಲ್ಲಿ ನೀರು ತುಂಬಿ, ಹಳೆಯದರ ಒಂದು ತುದಿ ಅದ್ದಿ ಇನ್ನೊಂದು ತುದಿಯಿಂದ ಊದಿದ. ಬುಳುಬುಳು ಗುಳ್ಳೆ! ಅದು ಕೆಂಪು ಓಕ್. ಹೊಸದನ್ನು ಕೆನ್ನೆಯುಬ್ಬಿಸಿ ಊದಿದರೂ ನೀರು ಮಿಸುಕಲಿಲ್ಲ. ಬಿಳಿ ಓಕ್ ತನ್ನ ನಾಳಗಳನ್ನು ತಾನೇ ಮುಚ್ಚಿಕೊಂಡಿರುತ್ತದೆ. ವಿಸ್ಕಿಯ ಪೀಪಾಯಿಗೆ ಅದೇ ಆಗಬೇಕಾದ್ದು ಅದಕ್ಕೇ. 68ರ ಪ್ರಾಯದಲ್ಲಿ ನಾನೂ ಊದಿ ನೋಡಿದೆ.

ಹಾಕಿದರೆ ಅದನ್ನೇ ಹಾಕಿ, ಇಲ್ಲವೇ ದೂರದ್ದು ಹಾಕಿ, ಹತ್ತಿರಹತ್ತಿರದ್ದು ಬೇಡ ಎಂದ. ನಮ್ಮ ಪುರೋಹಿತರು ಎಂದೋ ಹೇಳಿದ ಮಾತು: ಸಗೋತ್ರದಲ್ಲಿ ಸಂಬಂಧ ಕೂಡದು. ಊರಿನ ಮನೆಯಲ್ಲಿ ಜಗಲಿಗೆ ಕಡಪ ಕಲ್ಲು, ನಡುಮನೆಗೆ ರೆಡ್ ಆಕ್ಸೈಡ್, ಅಟ್ಟಕ್ಕೆ ಹಲಸಿನ ಹಲಗೆ, ಹಿತ್ತಿಲ ಕಡೆ ಸಗಣಿ ಸಾರಿಸಿದ ನೆಲ. ಯಾವುದಕ್ಕೂ ಇನ್ನೊಂದರ ಹಾಗೆ ಕಾಣುವ ಹಂಬಲವಿರಲಿಲ್ಲ. ನಡುನಡುವೆ ಹೊಸ್ತಿಲುಗಳಿದ್ದವು, ಅವುಗಳ ಎತ್ತರ ನನ್ನ ಬಲಗಾಲಿನ ಹೆಬ್ಬೆರಳಿಗೆ ಈಗಲೂ ನೆನಪಿದೆ.

ಬಡಗಿ ಕೊನೆಗೆ ಇಟ್ಟದ್ದೂ ಹೊಸ್ತಿಲನ್ನೇ. ಬಾಗಿಲಿಗೆ ಅಡ್ಡಲಾಗಿ ಕಪ್ಪನೆಯ ವಾಲ್‌ನಟ್ ಪಟ್ಟಿ, ಅದರಡಿ ಎರಡೂ ನೆಲಕ್ಕೆ ಉಸಿರಾಡಲು ಸಂದು. ಹಲಗೆ ತೇವಕ್ಕೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಮಳೆಗಾಲದಲ್ಲಿ ನಮ್ಮ ಬಚ್ಚಲ ಬಾಗಿಲು ಯಾಕೆ ಕಚ್ಚಿಕೊಳ್ಳುತ್ತಿತ್ತು ಎಂಬುದು ಸಮುದ್ರ ದಾಟಿದ ಮೇಲೆ ತಿಳಿಯಿತು.

ಪಟ್ಟಿ ನೆಲದಿಂದ ಅರ್ಧ ಬೆರಳೂ ಎದ್ದಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಅದರ ಎರಡೂ ತುದಿಗೆ ಅರಿಶಿನ ಕುಂಕುಮ. ಪಾಲಿಶ್ ಹಾಳಾಗುತ್ತದೆನ್ನಲು ಬಾಯಿ ತೆರೆದ ಅಳಿಯ, ಅತ್ತೆಯ ಮುಖ ನೋಡಿ, ಕಾಲು ತುಸು ಎತ್ತಿ ದಾಟಿ ಕಾಫಿಗೆ ಹೋದ.