ಲಾಯರಿಗೆ ಮನೆ ಕೊಡಲ್ಲ

ಜಯನಗರದ ಪಾರ್ಕುಗಳಲ್ಲಿ ಬೆಳಿಗ್ಗೆ ನಡೆಯುವ ಕಾನೂನು ವಿದ್ಯಾರ್ಥಿ ತಾನು ಓದುತ್ತಿರುವುದು ಏನೆಂದು ಯಾರಿಗೂ ಬಾಯಿ ಬಿಡಬಾರದು. ಮೊದಲ ವರ್ಷದಲ್ಲಾದರೆ ಚಿಂತೆಯಿಲ್ಲ, ಯಾರೂ ಕ್ಯಾರೇ ಅನ್ನುವುದಿಲ್ಲ. ಐದು ವರ್ಷದ ಕೋರ್ಸಿನ ಹತ್ತನೇ ಸೆಮಿಸ್ಟರ್ ಎಂದಿರೋ, ಕಲ್ಲುಬೆಂಚಿನ ಮೇಲಿನ ಹಿರಿಯರು ತಾವಾಗಿ ಸರಿದು ಜಾಗ ಮಾಡಿಕೊಡುತ್ತಾರೆ. ಕರಿಕೋಟಿಗೆ ಇನ್ನೂ ಅಳತೆಯನ್ನೇ ಕೊಟ್ಟಿಲ್ಲ, ಫೀಸು ಕೇಳುವ ಹಕ್ಕಿಲ್ಲ, ಆದರೆ ಒಂದಿಷ್ಟು ಕಾಯ್ದೆ ಬಾಯಲ್ಲಿದೆ. ಇಂಥ ವಕೀಲರು ಸಿಗುವುದು ಈ ನಾಲ್ಕೈದು ತಿಂಗಳು ಮಾತ್ರ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಅವರ ಪ್ರಶ್ನೆ ಎಲ್ಲಿಂದಲೇ ಹೊರಟರೂ ಬಂದು ನಿಲ್ಲುವುದು ಸೈಟಿನ ಮೇಲೆ. 1948ರಲ್ಲಿ ರಾಜಾಜಿ ಅಡಿಗಲ್ಲು ಹಾಕಿದ, ಜಯಚಾಮರಾಜ ಒಡೆಯರ ಹೆಸರು ಹೊತ್ತ ಬಡಾವಣೆ ಇದು. ಆಗಿನ ಸಿಐಟಿಬಿ ಹಂಚಿದ ಸೈಟುಗಳಲ್ಲಿ ಸಾಲ ಮಾಡಿ ಮನೆ ಕಟ್ಟಿದ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರಲ್ಲಿ ಬಹುಪಾಲು ಮಂದಿ ಈಗಿಲ್ಲ. ಮಕ್ಕಳಲ್ಲಿ ಒಬ್ಬ ಡಲ್ಲಾಸಿನಲ್ಲಿ, ಒಬ್ಬಳು ಮಲ್ಲೇಶ್ವರದಲ್ಲಿ. ಮನೆಯಲ್ಲಿ ಉಳಿದವನಿಗೆ ಮಂಡಿನೋವು, ಗೇಟಿನ ಹೊರಗೆ ಬಿಲ್ಡರು. ದಕ್ಷಿಣ ಬೆಂಗಳೂರಿನ ಸಿವಿಲ್ ದಾವೆಗಳ ಕಥಾಸಾರ ಇಷ್ಟೇ.

ಒಬ್ಬ ಹಿರಿಯರು ದಿನಪತ್ರಿಕೆಯ ಅಂಚಿನಲ್ಲಿ ನಕ್ಷೆ ಬರೆದು ತೋರಿಸಿದರು. ಇದು ರೋಡು, ಇದು ಸಂಪು, ಇದು ತೆಂಗಿನಮರ. ಆಮೇಲೆ ಪೆನ್ನನ್ನು ತೆಂಗಿನಮರದ ಮೇಲೆ ಇಟ್ಟುಕೊಂಡೇ ಕೇಳಿದರು: “ನನ್ನ ತಂಗೀದು ಎಂಬತ್ತೊಂಬತ್ತರಲ್ಲೇ ಮದುವೆ ಆಯ್ತಮ್ಮ. ತೊಂಬತ್ನಾಲ್ಕರ ಕಾಯ್ದೆ ಪ್ರಕಾರ ಮದುವೆ ಆಗಿಹೋದೋಳಿಗೆ ಪಾಲಿಲ್ಲ, ಅಲ್ವಾ?”

ತಯಾರಾಗಿ ಬಂದಿದ್ದರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರ ಆ ಹೊರಗಿಡುವಿಕೆಯನ್ನು ತೆಗೆಯಿತು. ಅದು ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ತಕರಾರನ್ನು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಗಿಸಿತು. ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ. ತಮಾಷೆಯೆಂದರೆ, ಜಯನಗರದ ಬಹಳಷ್ಟು ಮನೆಗಳಿಗೆ ಇದು ಯಾವುದೂ ಬೇಕಿಲ್ಲ. ಸಿಐಟಿಬಿ ಅಪ್ಪನ ಹೆಸರಿಗೆ ಕೊಟ್ಟು, ಅಪ್ಪ ತನ್ನ ಸಂಬಳದಲ್ಲಿ ದುಡ್ಡು ಕಟ್ಟಿದ ಸೈಟು ಸ್ವಯಾರ್ಜಿತ. ಅಪ್ಪ ಉಯಿಲು ಬರೆಯದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ ಬದುಕಿದ್ದರೆ ಆಕೆಗೂ ಒಂದು. 1956ರಿಂದಲೇ ಹಾಗಿದೆ. ತಂಗಿಯ ಮದುವೆ ಯಾವ ಇಸವಿಯಲ್ಲಾಯಿತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅವರು ಪೇಪರ್ ಮಡಚಿದರು. “ನೀನು ಇನ್ನೂ ಓದ್ಬೇಕಮ್ಮ” ಅಂದರು. ಮರುದಿನ ಅದೇ ನಕ್ಷೆಯನ್ನು ನಮ್ಮ ಕಾಲೇಜಿನ ಇನ್ನೊಬ್ಬನಿಗೆ ತೋರಿಸುತ್ತಿದ್ದರು.

ನಾನಿರುವುದು ಬಿಟಿಎಂ ಎರಡನೇ ಹಂತದ ಪಿಜಿಯಲ್ಲಿ. ಅಲ್ಲಿಂದ ಹಳದಿ ಮೆಟ್ರೋ ಹಿಡಿದು ಆರ್.ವಿ. ರೋಡಿಗೆ ಬಂದು, ಹಸಿರಿಗೆ ಬದಲಾಯಿಸಿ, ಸೌತ್ ಎಂಡ್ ಸರ್ಕಲ್ಲಿನಲ್ಲಿ ಇಳಿದರೆ ಕಾಲೇಜು ಹತ್ತಿರ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ ಒಂದು ರೈಲಿಗೂ ಇನ್ನೊಂದಕ್ಕೂ ಇಪ್ಪತ್ತೈದು ನಿಮಿಷದ ಅಂತರ. ಜನ ಬೈದುಕೊಂಡರು. ನಮಗೆ ಅದೇ ಲೈಬ್ರರಿಯಾಯಿತು. ಸಾಕ್ಷ್ಯ ಕಾಯ್ದೆಯ ಅರ್ಧಭಾಗ ನಾನು ಓದಿದ್ದು ಆ ಪ್ಲಾಟ್‌ಫಾರಂ ಮೇಲೆ ನಿಂತು.

ಓದಿದ್ದನ್ನೇ ಮತ್ತೆ ಓದುವುದು ನಮ್ಮ ತಂಡದ ಹಣೆಬರಹ. 2021ರಲ್ಲಿ ಸೇರಿದವರು ನಾವು. 1860ರ ದಂಡಸಂಹಿತೆಯ 511 ಸೆಕ್ಷನ್ನುಗಳ ಪರಿಚಯ ಮಾಡಿಕೊಂಡು ಉಸಿರು ಬಿಡುವಷ್ಟರಲ್ಲಿ, 2024ರ ಜುಲೈ 1ರಿಂದ 358 ಸೆಕ್ಷನ್ನಿನ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕೊಲೆ 302ರಿಂದ 103ಕ್ಕೆ ಹೋಯಿತು. ಹಳೆಯದನ್ನು ಮರೆಯುವ ಹಾಗೂ ಇಲ್ಲ: ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಹಳೇ ಸೆಕ್ಷನ್ನೇ, ಅಂಥ ಕೇಸುಗಳು ನಮಗೆ ನಲವತ್ತಾಗುವವರೆಗೂ ನಡೆಯುತ್ತವೆ. ಎರಡೂ ಪುಸ್ತಕ ಚೀಲದಲ್ಲಿ ಹೊತ್ತು ತಿರುಗುವ ನಮ್ಮ ಬೆನ್ನುಗಳಿಗೆ ಯಾವ ಸಂಹಿತೆಯಲ್ಲೂ ಪರಿಹಾರವಿಲ್ಲ.

ಕೊನೆಯ ವರ್ಷದ ದೊಡ್ಡ ಭಾಗ ಪ್ರಾಯೋಗಿಕ. ಮೂರು ಅಣಕು ನ್ಯಾಯಾಲಯ, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯುವ ಡೈರಿ, ಕಕ್ಷಿದಾರರ ಸಂದರ್ಶನ, ಕೊನೆಗೆ ಹತ್ತು ಅಂಕದ ಮೌಖಿಕ. ನಮ್ಮ ಪೀಳಿಗೆಯ ಬಹುಮಂದಿ ಕೋರ್ಟು ಕಂಡದ್ದು ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ. ಅಲ್ಲಿನ ವಕೀಲ ಸಿಎಸ್‌ಪಿ ಒಂದು ಪ್ರಶ್ನೆ ಕೇಳಿದರೆ ಕಟಕಟೆಯಲ್ಲಿದ್ದವನ ಬಣ್ಣ ಬಯಲಾಗುತ್ತಿತ್ತು. ನಾನು ಡೈರಿ ಹಿಡಿದು ಕೂತ ದಿನ ಪಾಟೀ ಸವಾಲು ಶುರುವಾಗಿ, ಸಾಕ್ಷಿಯ ಹೆಸರು, ವಯಸ್ಸು, ಅಕ್ಕಪಕ್ಕದ ಮನೆಯವರ ಪರಿಚಯದವರೆಗೆ ಬಂದು, ಮೂಲ ದಾಖಲೆ ತಂದಿಲ್ಲವೆಂದು ಮುಂದಿನ ತಿಂಗಳಿಗೆ ಹೋಯಿತು. ಸಾಕ್ಷಿ ಹೇಳಲು ಬಂದಿದ್ದ ಮುದುಕರು ಕಟಕಟೆಯಿಂದ ಇಳಿದು ಬೆಂಚ್ ಕ್ಲರ್ಕಿಗೆ ಕೈಮುಗಿದು, “ಮುಗೀತಾ ಸಾಮಿ?” ಎಂದು ಕೇಳಿದರು. ಅದನ್ನೂ ಡೈರಿಯಲ್ಲಿ ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಅಪ್ರಸ್ತುತ’ ಎಂದು ಷರಾ ಹಾಕಿದ್ದಾರೆ.

ಡೈರಿಗೆ ಸೇರದ ಕಾನೂನು ನಾಲ್ಕನೇ ಬ್ಲಾಕಿನ ಫುಟ್‌ಪಾತಿನ ಮೇಲೆ ಸಿಗುತ್ತದೆ. ಸಂಜೆ ಆರರ ಮೇಲೆ ಕಾಂಪ್ಲೆಕ್ಸಿನ ಸುತ್ತ ಹೂವು, ನೈಟಿ, ಮೊಬೈಲ್ ಕವರು, ಅವರೆಕಾಯಿ ಕಾಲ ಬಂದರೆ ಅವರೆಕಾಯಿ. ಪಾಲಿಕೆಯ ಗಾಡಿ ತಿರುವಿನಲ್ಲಿ ಕಂಡಿತೆಂದು ಯಾರೋ ಶಿಳ್ಳೆ ಹಾಕಿದರೆ, ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆಗಳು ಒಂದೇ ಗಂಟಿಗೆ ಬರುತ್ತವೆ, ಅಂಗಡಿ ಹೆಗಲೇರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುವುದು ಬೇರೆ: ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಇದನ್ನು ಹೂವಿನಾಕೆಗೆ ನನ್ನ ಗೆಳತಿ ಬಹಳ ಉತ್ಸಾಹದಿಂದ ವಿವರಿಸಿದಳು. ಆಕೆ ಮೊಳ ಹಾಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, “ಇದ್ನ ಗಾಡಿಯವರಿಗೆ ಹೇಳಿದ್ರಾ?” ಅಂದಳು. ಐದು ವರ್ಷದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನಮಗೆ ಯಾವ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ.

ಊರಿನಲ್ಲಿ, ಅಂದರೆ ಅರಸೀಕೆರೆಯಲ್ಲಿ, ಅಮ್ಮ ನಾನು ಜಡ್ಜ್ ಆಗುತ್ತೇನೆಂದು ಬೀದಿಗೆಲ್ಲ ಹೇಳಿಯಾಗಿತ್ತು. ಓದು ಮುಗಿದ ಕೂಡಲೇ ಪರೀಕ್ಷೆ, ಕೂಡಲೇ ಕುರ್ಚಿ. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸನ್ನು ಒಪ್ಪಿ 2002ರಲ್ಲಿ ಸುಪ್ರೀಂ ಕೋರ್ಟೇ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂಬ ಷರತ್ತನ್ನು ತೆಗೆದಿತ್ತು. 2025ರ ಮೇ 20ರಂದು ಅದೇ ಕೋರ್ಟು ಆ ಷರತ್ತನ್ನು ವಾಪಸು ತಂದಿತು. ಸನದು ಸಿಕ್ಕ ದಿನದಿಂದ ಮೂರು ವರ್ಷ. ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. “ಮುಗೀತಾ ಸಾಮಿ” ಎಂದು ಕೇಳಿದ ಮುದುಕರನ್ನು ನಾಲ್ಕು ಸಲ ಕಂಡವರೇ ಆ ಕುರ್ಚಿಯಲ್ಲಿ ಕೂರುವುದು ಒಳ್ಳೆಯದು. ಅಮ್ಮನಿಗೆ ಇದನ್ನು ಒಪ್ಪಿಸುವುದು ಮಾತ್ರ ನನ್ನಿಂದಾಗಿಲ್ಲ.

ಮೂರು ವರ್ಷ ಎಂದರೆ ಸೀನಿಯರ್ ಒಬ್ಬರ ಆಫೀಸು. ಒಂದು ವಿಷಯದಲ್ಲಿ ನಮಗೆ ಅದೃಷ್ಟವಿದೆ. 2024ರ ಜುಲೈ 30ರ ತೀರ್ಪಿನಿಂದಾಗಿ ಸನದಿಗೆ ಶಾಸನದಲ್ಲಿರುವ 750 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ, ಪರಿಶಿಷ್ಟರಿಗೆ 125. ಅದಕ್ಕೂ ಹಿಂದೆ ದೇಶದ ಎಷ್ಟೋ ಕಡೆ ಸಾವಿರಗಳಲ್ಲಿ ವಸೂಲಾಗುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ನಗರಗಳಲ್ಲಿ ಜೂನಿಯರುಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಬರೀ ಶಿಫಾರಸು. ಕೆಲಸ ಕೇಳಿಕೊಂಡು ಹೋದ ಒಂದು ಕಚೇರಿಯಲ್ಲಿ ಆ ಸುತ್ತೋಲೆಯ ಮಾತೆತ್ತಿದ ಸಹಪಾಠಿಗೆ ಒಳ್ಳೆಯ ಕಾಫಿ ಸಿಕ್ಕಿತು.

ಪಿಜಿ ಬಿಟ್ಟು ಮನೆ ಮಾಡಬೇಕು. ನಾನು, ಹೂವಿನಾಕೆಗೆ ಕಾಯ್ದೆ ಹೇಳಿದ ಗೆಳತಿ, ಇಬ್ಬರೇ. ಈ ಕಾರಣಕ್ಕೆ ಕೊನೆಯ ಸೆಮಿಸ್ಟರಿನ ಭಾನುವಾರಗಳೆಲ್ಲ ‘ಟು ಲೆಟ್’ ಬೋರ್ಡುಗಳ ಕೆಳಗೆ ಕಳೆದವು. ಒಂಬತ್ತನೇ ಬ್ಲಾಕಿನಲ್ಲಿ ರಾಗಿಗುಡ್ಡದ ಇಳಿಜಾರು, ಜೆ.ಪಿ. ನಗರದಲ್ಲಿ ರಂಗಶಂಕರದ ಸುತ್ತಿನ ಬೀದಿಗಳು, ಬನಶಂಕರಿ ಎರಡನೇ ಹಂತ. ಅಮ್ಮ ಬಂದಿದ್ದಾಗ ಒಂದು ಮಂಗಳವಾರ ರಾಹುಕಾಲ ನೋಡಿ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪವನ್ನೂ ಹಚ್ಚಿದಳು. ದೇವಿ ಒಪ್ಪಿದರೂ ಮಾಲೀಕರು ಒಪ್ಪಬೇಕಲ್ಲ.

ಒಂಬತ್ತನೇ ಬ್ಲಾಕಿನ ಒಂದು ಮನೆ ಇನ್ನೂ ಕಣ್ಣಲ್ಲಿದೆ. ಗೇಟಿಗೆ ಹಸಿರು ಬಣ್ಣ, ಒಳಗೆ ಕಾಂಪೌಂಡಿಗೆ ಅಂಟಿಕೊಂಡು ಕನಕಾಂಬರದ ಸಾಲು, ವರಾಂಡದಲ್ಲಿ ಕಡಪ ಕಲ್ಲು, ಅದರ ಮೇಲೆ ಒಣಗಲು ಹರವಿದ ಸಂಡಿಗೆ. ಮೇಲಿನ ಮನೆ ಖಾಲಿ. ಅಜ್ಜಿ ಸಂಡಿಗೆ ಮಗುಚುತ್ತಲೇ ಪ್ರಶ್ನೆ ಹಾಕಿದರು. ಯಾವ ಊರು, ಎಷ್ಟು ಜನ, ಮಾಂಸ ಮೀನು ಮಾಡ್ತೀರಾ, ರಾತ್ರಿ ಎಷ್ಟೊತ್ತಿಗೆ ಬರ್ತೀರಾ. ಎಲ್ಲದರಲ್ಲೂ ಪಾಸಾದೆವು. ಒಂದು ಹೂವಿನ ಎಸಳಿನಷ್ಟು ನಗುವೂ ಬಂತು. ಆಮೇಲೆ, “ಸಾಫ್ಟ್‌ವೇರಾ?”

“ಇಲ್ಲಜ್ಜಿ, ಲಾ. ಜೂನ್‌ಗೆ ಮುಗಿಯತ್ತೆ.”

ಸಂಡಿಗೆ ಮಗುಚುವ ಕೈ ನಿಂತಿತು. “ಮೇಲ್ಗಡೆ ನನ್ನ ಮಗನೇ ಬರ್ತಾನೋ ಏನೋ” ಅಂದರು. ಮಗ ಇರುವುದು ಮೆಲ್ಬರ್ನಿನಲ್ಲಿ ಎಂದು ಎರಡು ನಿಮಿಷದ ಹಿಂದೆ ಅವರೇ ಹೇಳಿದ್ದರು.

ಪೊಲೀಸರಿಗೂ ಲಾಯರಿಗೂ ಮನೆ ಕೊಡಬಾರದು ಎಂಬುದು ದಕ್ಷಿಣ ಬೆಂಗಳೂರಿನ ಅಲಿಖಿತ ಸಂವಿಧಾನ. ಇದಕ್ಕೆ ಹಿನ್ನೆಲೆಯೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದ ಕಾಲದಲ್ಲಿ ಕಾಯ್ದೆಯಲ್ಲಿ ಹೇಳಿದ ಕಾರಣಗಳನ್ನು ಮಾಲೀಕರು ಕೋರ್ಟಿನಲ್ಲಿ ಸಾಬೀತುಪಡಿಸದೆ ಬಾಡಿಗೆದಾರನನ್ನು ಬಿಡಿಸುವಂತಿರಲಿಲ್ಲ. ಕಾನೂನು ಬಲ್ಲವನು ಒಮ್ಮೆ ಹೊಕ್ಕರೆ ಮೊಮ್ಮಕ್ಕಳವರೆಗೂ ಕೂರುತ್ತಾನೆ ಎಂಬ ಭಯ ಆಗ ಹುಟ್ಟಿದ್ದು. ಆ ಕಾಯ್ದೆ ಹೋಗಿ 2001ರ ಕೊನೆಯ ದಿನ ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂತು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಅದರ ರಕ್ಷಣೆ ಬಾಡಿಗೆದಾರನಿಗಿಲ್ಲ. ಜಯನಗರದಲ್ಲಿ ಆ ದುಡ್ಡಿಗೆ ಮೆಟ್ಟಿಲ ಕೆಳಗಿನ ಗೂಡೂ ಸಿಗುವುದಿಲ್ಲ. ಮಿಕ್ಕವರಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆ: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯವನಿಗೆ ಹದಿನೈದು ದಿನದ ನೋಟಿಸು ಸಾಕು. ದಾವೆ ಹೂಡಿದರೆ ಕಾಲ ಹಿಡಿಯುತ್ತದೆ, ನಿಜ. ಆದರೆ ಅದು ಸಾಫ್ಟ್‌ವೇರಿನವನ ಮೇಲೆ ಹೂಡಿದರೂ ಅಷ್ಟೇ ಹಿಡಿಯುತ್ತದೆ. ಕಾಯ್ದೆ ಸತ್ತು ಕಾಲು ಶತಮಾನವಾಯಿತು, ಭಯ ಮಾತ್ರ ಅತ್ತೆಯಿಂದ ಸೊಸೆಗೆ ವರ್ಗವಾಗುತ್ತಾ ಬಂದಿದೆ. ಅದಕ್ಕೆ ನೋಂದಣಿಯ ಅಗತ್ಯವೂ ಇಲ್ಲ.

ಕೆಲವು ಸಹಪಾಠಿಗಳು ಉಪಾಯ ಕಂಡುಕೊಂಡಿದ್ದಾರೆ. “ಕಂಪನಿಯಲ್ಲಿ ಕಾಂಪ್ಲಯನ್ಸ್” ಎಂದರೆ ಬಾಗಿಲು ತೆರೆಯುತ್ತದಂತೆ. ನನ್ನ ಗೆಳತಿಗೆ ಅದೆಲ್ಲ ಆಗದು. ಬನಶಂಕರಿಯ ಒಬ್ಬ ಮಾಲೀಕರು ಧೈರ್ಯ ಮಾಡಿ ಒಪ್ಪಿ, ಹತ್ತು ತಿಂಗಳ ಅಡ್ವಾನ್ಸಿನ ಮಾತಾಡಿ, ಕರಾರಿನ ಕರಡನ್ನು ಮುಂದಿಟ್ಟರು. ಎಲ್ಲರದೂ ಹನ್ನೊಂದು ತಿಂಗಳದೇ; ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಏಳನೇ ಷರತ್ತು, ಬಾಡಿಗೆ ತಡವಾದರೆ ನೋಟಿಸಿಲ್ಲದೆ ಬೀಗ ಹಾಕುವ ಹಕ್ಕು ಮಾಲೀಕರಿಗಿದೆ ಎಂದಿತ್ತು. ಇವಳು ಪೆನ್ನು ತೆಗೆದು ಅದನ್ನು ವಿನಯದಿಂದ ಹೊಡೆದು ಹಾಕಿ, ಹಾಗೆ ಹೊರಗಟ್ಟಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಆರನೇ ಸೆಕ್ಷನ್ನಿನಡಿ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸು ಪಡೆಯಬಹುದು ಸಾರ್ ಎಂದು ತಿಳಿಸಿದಳು. ಅವರ ಒಳ್ಳೆಯದಕ್ಕೇ ಹೇಳಿದ್ದು. ಮಾಲೀಕರು ಕರಡನ್ನು ಎತ್ತಿಟ್ಟರು. ಅವರ ಮಗನೂ ಮೆಲ್ಬರ್ನಿನಿಂದ ಬರುವವನಿದ್ದ.

ಆದ್ದರಿಂದ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆ ಮಾಲೀಕರಲ್ಲಿ ಒಂದು ಅರಿಕೆ. ಕರಾರನ್ನು ನಾವೇ ಬರೆದುಕೊಡುತ್ತೇವೆ, ನಿಮಗೆ ಅದರ ಖರ್ಚಿಲ್ಲ. ನಿಮ್ಮ ತಂಗಿಯ ಪಾಲಿನ ವಿಷಯ ಕೇಳಿದರೆ ನಿಜ ಹೇಳುತ್ತೇವೆ, ಅದೊಂದನ್ನು ನೀವು ಸಹಿಸಿಕೊಳ್ಳಬೇಕು. ಇಬ್ಬರು ಹುಡುಗಿಯರು, ಮೊದಲ ಮಹಡಿಯಾದರೂ ಸರಿ, ಕಾವೇರಿ ನೀರು ಇರಲಿ. ಜೂನ್ ಕೊನೆಗೆ ಬೇಕು.